ಚೀನೀ ನಾಲಿಗೆಯ ‘ಆಹಾ’, ‘ಅಯ್ಯೋ’

ಕ್ರಿ.ಪೂ. 479ರಲ್ಲಿ ಕನ್‌ಫ್ಯೂಷಿಯಸ್ ತೀರಿಕೊಂಡಾಗ ಲೂ ರಾಜ್ಯದ ದೊರೆ ಆಯ್ ಒಂದು ಶೋಕವಚನ ಹೇಳಿದ. ಈ ಹಿರಿಯನನ್ನು ನನಗಾಗಿ ಉಳಿಸಿಕೊಡುವಷ್ಟು ಕರುಣೆಯೂ ಆಕಾಶಕ್ಕೆ ಬರಲಿಲ್ಲವಲ್ಲ ಎಂಬ ಧಾಟಿಯ ಆ ಮಾತಿನ ಕೊನೆಯ ಭಾಗದಲ್ಲಿ ‘ವೂಹೂ ಆಯ್ ತ್ಸಾಯ್’ ಎಂಬ ಉದ್ಗಾರ ಬರುತ್ತದೆ. ಅಯ್ಯೋ, ಎಂಥ ದುಃಖ ಎಂದು ಅರ್ಥ. ಅದನ್ನು ಕೇಳಿ ಶಿಷ್ಯ ತ್ಸಿಗಾಂಗ್‌ಗೆ ಸಿಟ್ಟು ಬಂತು. ಗುರು ಬದುಕಿದ್ದಾಗ ಅವರನ್ನು ಬಳಸಿಕೊಳ್ಳಲಿಲ್ಲ, ಸತ್ತ ಮೇಲೆ ಹೀಗೆ ಹಲುಬುವುದು ಸರಿಯಾದ ನಡತೆಯಲ್ಲ ಎಂದು ಅವನು ಖಂಡಿಸಿದ. ‘ತ್ಸುವೊ ಝುವಾನ್’ ಎಂಬ ಪ್ರಾಚೀನ ಚರಿತ್ರೆ ದೊರೆಯ ಅಳಲನ್ನೂ ಶಿಷ್ಯನ ಆಕ್ಷೇಪವನ್ನೂ ಒಟ್ಟಿಗೇ ದಾಖಲಿಸಿದೆ.

ಉದ್ಗಾರವೆಂದರೆ ತಾನಾಗಿ ಬಾಯಿಂದ ಹೊರಬೀಳುವ ದನಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಚೀನಾದಲ್ಲಿ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಆ ದನಿಗೂ ಲೆಕ್ಕ ಕೇಳುವವರಿದ್ದರು. ಯಾರು ಉದ್ಗರಿಸಬಹುದು, ಯಾವಾಗ, ಎಷ್ಟು ಎಂಬ ಜಗಳ ಅಲ್ಲಿಂದ ಕಳೆದ ಶತಮಾನದವರೆಗೂ ನಡೆದಿದೆ. ಅದರ ಜೊತೆಗೇ ಇನ್ನೊಂದು ಕಥೆಯೂ ಸದ್ದಿಲ್ಲದೆ ಸಾಗಿದೆ. ಬಾಯಿ ಒಂದು ದನಿ ಹುಟ್ಟಿಸುತ್ತದೆ, ಲಿಪಿ ಅದನ್ನು ಹಿಡಿದಿಡುತ್ತದೆ. ಕಾಲ ಕಳೆದಂತೆ ಆ ಅಕ್ಷರದ ಉಚ್ಚಾರಣೆಯೇ ಬದಲಾಗಿ, ಬರೆದ ಉದ್ಗಾರದಲ್ಲಿ ಉಸಿರು ಉಳಿಯುವುದಿಲ್ಲ. ಆಗ ಬಾಯಿ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಚೀನೀ ಉದ್ಗಾರದ ಚರಿತ್ರೆಯ ತಿರುಳು ನನಗೆ ಕಂಡಂತೆ ಇದೇ.

ಚೀನೀ ಬರಹದ ಅತಿ ಹಳೆಯ ರೂಪ ಸಿಕ್ಕಿರುವುದು ಆಮೆಯ ಚಿಪ್ಪು, ದನದ ಮೂಳೆಗಳ ಮೇಲೆ, ಸುಮಾರು ಕ್ರಿ.ಪೂ. 1200ರ ಹೊತ್ತಿನದು. ಅವು ಶಕುನ ಕೇಳಿದ ದಾಖಲೆಗಳು. ಮಳೆ ಬರುತ್ತದೆಯೇ, ರಾಜನ ಹಲ್ಲುನೋವಿಗೆ ಯಾವ ಪಿತೃವಿನ ಕೋಪ ಕಾರಣ ಎಂದು ಕೇಳುವಲ್ಲಿ ಭಾವಾವೇಶಕ್ಕೆ ಜಾಗ ಕಡಿಮೆ. ಉದ್ಗಾರ ಎದ್ದು ಕಾಣುವುದು ಆಮೇಲಿನ ಝೌ ರಾಜವಂಶದ ಕಂಚಿನ ಪಾತ್ರೆಗಳಲ್ಲಿ. ಷಾನ್‌ಶಿ ಪ್ರಾಂತದ ಬಾವ್‌ಜಿ ಎಂಬಲ್ಲಿ 1963ರಲ್ಲಿ ಒಂದು ಪಾತ್ರೆ ಸಿಕ್ಕಿತು. ಅದರ ಬೆಲೆ ತಿಳಿಯದೆ ಗುಜರಿಗೆ ಹಾಕಿದ್ದರು. ವಸ್ತುಸಂಗ್ರಹಾಲಯದವರು 30 ಯುವಾನ್ ಕೊಟ್ಟು ಬಿಡಿಸಿಕೊಂಡು ಬಂದರು. 1975ರಲ್ಲಿ ತುಕ್ಕು ತೆಗೆಸುವಾಗ ಒಳತಳದಲ್ಲಿ 122 ಅಕ್ಷರಗಳ ಬರಹ ಕಂಡಿತು. ‘ಹ ತ್ಸುನ್’ ಎಂದು ಇಂದು ಹೆಸರಾಗಿರುವ ಈ ಪಾತ್ರೆ, ಚೀನಾ ದೇಶದ ಹೆಸರಾದ ‘ಝಾಂಗ್‌ಗುವೊ’ ಎಂಬ ಜೋಡಿ ಅಕ್ಷರಗಳು ಮೊದಲ ಬಾರಿಗೆ ಸಿಗುವ ಜಾಗವೆಂದು ಖ್ಯಾತವಾಗಿದೆ. ಆ ಹೆಮ್ಮೆಯಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿಯಿದೆ. ರಾಜ ಕುಲದ ಕಿರಿಯರಿಗೆ ಬುದ್ಧಿ ಹೇಳುವ ಆ ಬರಹದ ನಡುವೆ ‘ವೂಹೂ’ ಎಂಬ ಉದ್ಗಾರವೂ ಇದೆ. ರಾಷ್ಟ್ರದ ಹೆಸರಿಗೂ ನಿಟ್ಟುಸಿರಿಗೂ ಒಂದೇ ಪಾತ್ರೆಯ ತಳ.

ಆ ‘ವೂ’ ಬರೆಯಲು ಬಳಸಿದ್ದು ಕಾಗೆಯ ಅಕ್ಷರ. ಕಾಗೆ ಕೂಗುವ ದನಿಯನ್ನೇ ಮನುಷ್ಯನ ದನಿಗೂ ಎರವಲು ತಂದರು. ಮುಂದೆ ಪಕ್ಕದಲ್ಲಿ ‘ಬಾಯಿ’ ಎಂಬ ಚಿಹ್ನೆ ಸೇರಿಸಿ ಕಾಗೆಗೂ ಉದ್ಗಾರಕ್ಕೂ ಬೇರೆ ಬೇರೆ ಅಕ್ಷರ ಮಾಡಿಕೊಂಡರು. ಚೀನೀ ಉದ್ಗಾರಪದಗಳಲ್ಲಿ ಹೆಚ್ಚಿನವಕ್ಕೆ ಎಡಗಡೆ ಈ ಪುಟ್ಟ ಚೌಕದ ಬಾಯಿ ಇದ್ದೇ ಇರುತ್ತದೆ. ಅರ್ಥಕ್ಕಾಗಿ ಹುಡುಕಬೇಡ, ದನಿ ಕೇಳು ಎಂದು ಓದುಗನಿಗೆ ಕೊಡುವ ಸೂಚನೆ ಅದು.

ಆದರೆ ‘ವೂಹೂ’ ಎಂದು ಯಾರು ತಾನೆ ದುಃಖಿಸುತ್ತಾರೆ? ತುಟಿ ದುಂಡಗೆ ಮಾಡಿಕೊಂಡು ಉಸಿರು ಬಿಡುವ ಈ ದನಿಯಲ್ಲಿ ಎದೆ ತೆರೆದುಕೊಳ್ಳುವುದೇ ಇಲ್ಲ. ಈ ಒಗಟು ಬಿಡಿಸುವಲ್ಲಿ ಸಂಸ್ಕೃತ ನೆರವಿಗೆ ಬಂತು. ವಾಂಗ್ ರೊಂಗ್‌ಬಾವ್ ಎಂಬ ವಿದ್ವಾಂಸರು 1923ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿ, ಬೌದ್ಧಗ್ರಂಥಗಳ ಸಂಸ್ಕೃತ ಹೆಸರುಗಳನ್ನು ಹಳೆಯ ಚೀನೀಯರು ಯಾವ ಯಾವ ಅಕ್ಷರಗಳಲ್ಲಿ ಬರೆದುಕೊಂಡರು ಎಂದು ಹೋಲಿಸಿ ನೋಡಿದರು. ಇಂದು ‘ಊ’ ಎಂದು ಓದುವ ಒಂದಿಡೀ ಅಕ್ಷರಗುಂಪು ಪ್ರಾಚೀನ ಕಾಲದಲ್ಲಿ ‘ಆ’ಕಾರವಾಗಿತ್ತು ಎಂಬುದು ಅವರ ವಾದ. ಹಾನ್ ಕಾಲದ ಚರಿತ್ರೆಯಲ್ಲಿ ಪಶ್ಚಿಮದ ಅಲೆಕ್ಸಾಂಡ್ರಿಯ ಎಂಬ ಊರಿನ ಹೆಸರನ್ನು ಇಂದಿನ ಓದಿನಲ್ಲಿ ‘ವೂಯಿಷಾನ್‌ಲಿ’ ಎಂದಾಗುವಂತೆ ಬರೆದಿದ್ದಾರೆ. ಅದರ ಮೊದಲ ಅಕ್ಷರವೂ ಇದೇ ಕಾಗೆ. ಅಲೆಕ್ಸಾಂಡ್ರಿಯದ ‘ಅ’ ಹಿಡಿಯಲು ಕಾಗೆ ಬೇಕಾಯಿತು ಎಂದರೆ ಕಾಗೆಯ ದನಿ ಆಗ ‘ಆ’ ಎಂದೇ ಇರಬೇಕು. ವಾಂಗ್ ಅವರ ವಾದದ ಸುತ್ತ ವರ್ಷಗಟ್ಟಲೆ ಚರ್ಚೆ ನಡೆಯಿತು. ತಿರುಳು ಮಾತ್ರ ನಿಂತಿತು. ಇಂದಿನ ಭಾಷಾಶಾಸ್ತ್ರಜ್ಞರು ಆ ಎರಡು ಅಕ್ಷರಗಳ ಪ್ರಾಚೀನ ರೂಪವನ್ನು ಮರುಕಟ್ಟುವಾಗಲೂ ಎರಡರಲ್ಲೂ ‘ಆ’ ಸ್ವರವನ್ನೇ ಇಡುತ್ತಾರೆ. ಝೌ ಕಾಲದ ದೊರೆ ಅಂದದ್ದು ಹೆಚ್ಚುಕಡಿಮೆ ‘ಆಹಾ’. ನಮ್ಮ ಕಿವಿಗೆ ಇದಕ್ಕಿಂತ ಹತ್ತಿರದ ದನಿ ಇನ್ನೊಂದಿಲ್ಲ.

ಇದೇ ಗತಿ ‘ಶೀ’ ಎಂಬ ಪದಕ್ಕೂ ಬಂತು. ದಕ್ಷಿಣದ ಚೂ ರಾಜ್ಯದ ಕಾವ್ಯಸಂಕಲನ ‘ಚೂ ತ್ಸಿ’ಯಲ್ಲಿ ಸಾಲಿನ ನಡುವೆಯೋ ಕೊನೆಯಲ್ಲಿಯೋ ಎಳೆದು ಹಾಡುವ ಪದ ಇದು. ಇದರ ಹಳೆಯ ಉಚ್ಚಾರಣೆ ‘ಆ’ದಂತೆ ಇದ್ದಿರಬೇಕು ಎಂದು 18ನೇ ಶತಮಾನದಲ್ಲಿ ಕೋಂಗ್ ಗುವಾಂಗ್‌ಸೆನ್ ಎಂಬ ಪಂಡಿತ ಪ್ರಾಸಗಳ ಆಧಾರದ ಮೇಲೆ ಊಹಿಸಿದ್ದ. 1973ರಲ್ಲಿ ಹೂನಾನ್ ಪ್ರಾಂತದ ಚಾಂಗ್‌ಷಾ ಬಳಿ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಒಂದು ಸಮಾಧಿಯನ್ನು ತೆರೆದಾಗ ರೇಷ್ಮೆಯ ಮೇಲೆ ಬರೆದ ‘ಲಾವ್‌ತ್ಸಿ’ಯ ಎರಡು ಪ್ರತಿಗಳು ಸಿಕ್ಕವು. ನಮ್ಮವರೆಗೆ ಬಂದ ಪಾಠದಲ್ಲಿ ‘ಶೀ’ ಇರುವ ಕಡೆಗಳಲ್ಲಿ ಅವುಗಳಲ್ಲಿ ‘ಹ’ ಎಂದು ಓದುವ ಬೇರೆ ಅಕ್ಷರವಿದೆ, ಎಡಕ್ಕೆ ಬಾಯಿಯ ಚಿಹ್ನೆ ಸಮೇತ. ಪಂಡಿತನ ಊಹೆಗೆ ರೇಷ್ಮೆಯ ಮೇಲೆ ಸಾಕ್ಷಿ ಸಿಕ್ಕಿತು. ಇಂದಿನ ಶಾಲೆಗಳಲ್ಲಿ ಮಕ್ಕಳು ‘ಶೀ, ಶೀ’ ಎಂದು ಬಾಯಿಪಾಠ ಮಾಡುವ ಕಾವ್ಯ ಒಂದು ಕಾಲಕ್ಕೆ ಬಾಯ್ತುಂಬ ‘ಆ’ ಎಂದು ಹಾಡಿದ್ದು. ಆ ಕಾವ್ಯವನ್ನು ಪ್ರೀತಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ಬಾಲದಲ್ಲಿದ್ದ ಭಾವ

ಉದ್ಗಾರಪದ ಬೇರೆ, ಉದ್ಗಾರವಾಕ್ಯ ಬೇರೆ. ‘ಅಯ್ಯೋ’ ಎಂಬುದು ಪದ. ‘ಎಂಥ ಚೆಂದ!’ ಎಂಬುದು ವಾಕ್ಯ. ಹಳೆಯ ಚೀನೀ ಭಾಷೆಯಲ್ಲಿ ಎರಡನೆಯದನ್ನು ಕಟ್ಟುವ ಕೆಲಸ ಮುಖ್ಯವಾಗಿ ‘ತ್ಸಾಯ್’ ಎಂಬ ಬಾಲಪದದ್ದು. ಗುಣವನ್ನು ಮೊದಲು ಹೇಳಿ, ತ್ಸಾಯ್ ಹಚ್ಚಿ, ಯಾರ ಬಗ್ಗೆ ಹೇಳುತ್ತಿದ್ದೇವೋ ಅವರ ಹೆಸರನ್ನು ಆಮೇಲೆ ತರುವುದು ಅದರ ಹೆಚ್ಚು ಪ್ರಬಲವಾದ ಕ್ರಮ. ಎದೆಗೆ ತಟ್ಟಿದ್ದು ಮೊದಲು ಬಾಯಿಗೆ ಬರುತ್ತದೆ, ವಿವರ ಹಿಂದಿನಿಂದ ಬರುತ್ತದೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಕ್ರಿ.ಪೂ. 544ಕ್ಕೆ ಹೋಗಬೇಕು. ವೂ ರಾಜ್ಯದ ರಾಜಕುಮಾರ ಜೀಝಾ ಲೂ ರಾಜ್ಯಕ್ಕೆ ದೂತನಾಗಿ ಬಂದು, ಝೌ ಅರಸರ ಸಂಗೀತ ಕೇಳಿಸಿ ಎಂದ. ಅಲ್ಲಿಯ ಗಾಯಕರು ಒಂದೊಂದು ನಾಡಿನ ಹಾಡನ್ನೂ ಸರದಿಯಂತೆ ಹಾಡುತ್ತಾ ಹೋದರು. ಹಲವು ಹಾಡುಗಳಿಗೆ ಅವನ ಬಾಯಿಂದ ಮೊದಲು ಹೊರಡುವುದು ‘ಮೇಯ್ ತ್ಸಾಯ್’, ಎಷ್ಟು ಸುಂದರ ಎಂದು. ಆದರೆ ಅವನು ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಹಾಡಿನಲ್ಲಿ ಜನ ದುಡಿದು ದಣಿದರೂ ದೂರುತ್ತಿಲ್ಲ ಎನ್ನುತ್ತಾನೆ, ಇನ್ನೊಂದು ನಾಡಿನ ಹಾಡು ತೀರಾ ನಯವಾಯಿತು, ಆ ರಾಜ್ಯವೇ ಮೊದಲು ಅಳಿಯಬಹುದು ಎನ್ನುತ್ತಾನೆ. ಒಂದು ಹಾಡಿಗೆ ತ್ಸಾಯ್, ಇನ್ನೊಂದಕ್ಕೆ ‘ಹೂ’ ಎಂಬ ಬಾಲಪದ. ಹೀಗೆ ಬೆರಗಿನ ಮಟ್ಟ ಏರಿಳಿಯುತ್ತದೆ. ಕೊನೆಗೆ ಪುರಾಣಪುರುಷ ಷುನ್‌ನ ಕಾಲದ ನೃತ್ಯ ಕಂಡಾಗ, ನೋಡುವುದು ಇಲ್ಲಿಗೆ ಮುಗಿಯಿತು, ಇನ್ನು ಬೇರೆ ಇದ್ದರೂ ಕೇಳಲಾರೆ ಎಂದುಬಿಡುತ್ತಾನೆ. ಅದಕ್ಕಿಂತ ಮೇಲಿನದಿಲ್ಲ ಎನ್ನಲು ಇಂದಿಗೂ ಚೀನೀಯರು ಬಳಸುವ ‘ಗುವಾನ್‌ಝಿ’ ಎಂಬ ಮಾತು ಹುಟ್ಟಿದ್ದು ಅವತ್ತು. ಉದ್ಗಾರವೇ ವಿಮರ್ಶೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಓದಿಲ್ಲ.

‘ಷಾಂಗ್‌ಷು’ ಎಂಬ ಅರಸೊತ್ತಿಗೆಯ ಗ್ರಂಥದಲ್ಲಿ ಇನ್ನೂ ಚೆಂದದ ಒಂದು ವ್ಯವಸ್ಥೆಯಿದೆ. ಯಾವ್, ಷುನ್ ಎಂಬ ಆದರ್ಶ ರಾಜರ ಸಭೆಯಲ್ಲಿ ಮಂತ್ರಿಗಳು ಮಾತಿಗೆ ಮುಂಚೆ ಒಂದೇ ಅಕ್ಷರದ ಉದ್ಗಾರ ತೆಗೆಯುತ್ತಾರೆ. ‘ದೂ’ ಎಂದರೆ ಭಲೆ. ‘ಯೂ’ ಎಂದರೆ ಹೌದು. ‘ಶೂ’ ಎಂದರೆ ಛೆ, ಹಾಗಲ್ಲ. ‘ಫೂ’ ಎಂದರೆ ಸುತರಾಂ ಒಪ್ಪೆ. ರಾಜನ ಎದುರಿಗೇ ಮಂತ್ರಿ ‘ಶೂ’ ಎನ್ನಬಹುದಿತ್ತು, ಮಂತ್ರಿಯ ಸಲಹೆಗೆ ರಾಜನೂ ಎನ್ನಬಹುದಿತ್ತು. ಈ ನಾಲ್ಕನ್ನೂ ಸೇರಿಸಿ ‘ದೂ ಯೂ ಶೂ ಫೂ’ ಎಂಬ ನುಡಿಗಟ್ಟಾಯಿತು. ಅರಸ ಮತ್ತು ಮಂತ್ರಿಗಳು ಮುಕ್ತವಾಗಿ ಚರ್ಚಿಸುವ ಆರೋಗ್ಯವಂತ ಆಸ್ಥಾನಕ್ಕೆ ಅದೇ ಹೆಸರು.

ತ್ಸಾಯ್‌ಗೆ ಭಾರತದ ಕಡೆಯಿಂದಲೂ ಒಂದು ದೊಡ್ಡ ಕೆಲಸ ಬಂತು. ಬುದ್ಧನ ಎದುರು ಶಿಷ್ಯ ಒಳ್ಳೆಯ ಪ್ರಶ್ನೆ ಕೇಳಿದಾಗ ಸಂಸ್ಕೃತ ಸೂತ್ರಗಳಲ್ಲಿ ‘ಸಾಧು, ಸಾಧು’ ಎಂಬ ಮೆಚ್ಚುಗೆ ಬರುತ್ತದೆ. 401ರಲ್ಲಿ ಚಾಂಗ್‌ಆನ್ ನಗರಕ್ಕೆ ಬಂದ ಕುಮಾರಜೀವ ಮತ್ತವನ ಅನುವಾದಕರ ತಂಡ ಇದಕ್ಕೆ ಆಗಲೇ ಚೀನೀಯಲ್ಲಿದ್ದ ‘ಷಾನ್ ತ್ಸಾಯ್’ ಎಂಬ ಉದ್ಗಾರವನ್ನು ಜೋಡಿಯಾಗಿ ಬಳಸಿತು. ಮಾತಿನಲ್ಲಿ ತ್ಸಾಯ್ ಸತ್ತು ಶತಮಾನಗಳಾದ ಮೇಲೂ ಕಾದಂಬರಿ, ಸಿನಿಮಾಗಳಲ್ಲಿ ಬೌದ್ಧ ಸನ್ಯಾಸಿ ಬಂದರೆ ಅವನ ಬಾಯಲ್ಲಿ ‘ಷಾನ್ ತ್ಸಾಯ್, ಷಾನ್ ತ್ಸಾಯ್’ ಬಂದೇ ಬರುತ್ತದೆ. ಚೀನೀ ಜನಸಾಮಾನ್ಯನಿಗೆ ಇಂದು ತ್ಸಾಯ್ ಕಿವಿಗೆ ಬೀಳುವುದು ಹೆಚ್ಚಾಗಿ ಈ ‘ಸಾಧು’ವಿನ ರೂಪದಲ್ಲೇ.

ತ್ಸಾಯ್, ಹೂ ಮುಂತಾದ ಬಾಲಪದಗಳಿಗೆ ಪಂಡಿತರಲ್ಲಿ ಎಷ್ಟು ಗೌರವವಿತ್ತೆಂದರೆ, ಮಕ್ಕಳು ಅಕ್ಷರ ಕಲಿಯುತ್ತಿದ್ದ 6ನೇ ಶತಮಾನದ ‘ಸಾವಿರ ಅಕ್ಷರಗಳ ಪುಸ್ತಕ’ ಮುಗಿಯುವುದೇ ಅಂಥ ನಾಲ್ಕು ಪದಗಳಿಂದ. 1324ರಲ್ಲಿ ಲೂ ಯಿವೇಯ್ ಎಂಬಾತ ಇವುಗಳ ಬಗ್ಗೆಯೇ ‘ಯೂಝೂ’ ಎಂಬ ಪುಸ್ತಕ ಬರೆದ. ಸೈನಿಕನಾಗಿದ್ದು ಸಾಂಗ್ ರಾಜವಂಶ ಕಟ್ಟಿದ ತಾಯ್‌ತ್ಸು ಚಕ್ರವರ್ತಿಗೆ ಮಾತ್ರ ಇವು ಹಿಡಿಸಲಿಲ್ಲ. ರಾಜಧಾನಿಯ ಹೆಬ್ಬಾಗಿಲ ಫಲಕದಲ್ಲಿ ಒಂದು ಹೆಚ್ಚಿನ ಅಕ್ಷರ ಕಂಡು ಇದೇಕೆ ಎಂದು ಕೇಳಿದನಂತೆ. ಮಾತಿಗೆ ಸಹಾಯವಾಗಲೆಂದು ಎಂದ ಮಂತ್ರಿ. ಇವು ಯಾವ ಕಾಲಕ್ಕೆ ಯಾವ ಕೆಲಸಕ್ಕೆ ಸಹಾಯ ಮಾಡಿದ್ದಾವೆ ಎಂದು ಚಕ್ರವರ್ತಿ ನಕ್ಕನೆಂದು ಕಥೆ.

ಅವನ ಮೊಮ್ಮಕ್ಕಳ ಕಾಲದಲ್ಲಿ ಉದ್ಗಾರವನ್ನು ಓಯಾಂಗ್ ಶಿಯು ಎಂಬ ಇತಿಹಾಸಕಾರ ಕೈಗೆತ್ತಿಕೊಂಡ. 907ರಿಂದ 960ರವರೆಗಿನ 53 ವರ್ಷಗಳಲ್ಲಿ ಐದು ರಾಜವಂಶಗಳು ಎದ್ದು ಬಿದ್ದಿದ್ದವು. ಮಗ ತಂದೆಯನ್ನು ಕೊಂದ, ಸೇನಾಪತಿ ದೊರೆಯನ್ನು ಕೊಂದ. ಆ ಕಾಲದ ಚರಿತ್ರೆ ಬರೆದ ಓಯಾಂಗ್ ಶಿಯು ತನ್ನ ಟಿಪ್ಪಣಿಗಳನ್ನು ‘ವೂಹೂ’ ಎಂಬ ಪದದಿಂದಲೇ ಶುರುಮಾಡುತ್ತಾನೆ. ಏಕೆಂದರೆ ಇದು ಕೆಟ್ಟ ಕಾಲದ ಪುಸ್ತಕ ಎಂದು ಅವನೇ ಹೇಳುತ್ತಿದ್ದನೆಂದು ಅವನ ಮಗ ಬರೆದಿದ್ದಾನೆ. ಚರಿತ್ರೆಕಾರ ತಟಸ್ಥನಾಗಿರಬೇಕು ಎನ್ನುವವರು ಇದನ್ನು ಒಪ್ಪಲಾರರು. ನನಗಂತೂ ಪುಟ ಪುಟಕ್ಕೂ ಎದುರಾಗುವ ಆ ನಿಟ್ಟುಸಿರು, ಪಕ್ಷಪಾತವಿಲ್ಲದಂತೆ ನಟಿಸುವ ಬರಹಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಆದರೆ ವೂಹೂವಿನ ಆಯುಸ್ಸು ಅಷ್ಟರಲ್ಲಿ ಮುಗಿಯುತ್ತಾ ಬಂದಿತ್ತು. ಶ್ರಾದ್ಧದ ಬರಹಗಳಲ್ಲಿ ‘ವೂಹೂ ಆಯ್ ತ್ಸಾಯ್’ ಕಡ್ಡಾಯದ ಸಾಲಾಗಿ, ಯಾರು ಸತ್ತರೂ ಬರೆಯಲೇಬೇಕಾದ ಶಾಸ್ತ್ರವಾಯಿತು. ಆಮೇಲಿನ ಆಡುಮಾತಿನ ಕಾದಂಬರಿಗಳಲ್ಲಿ ‘ಅವನು ವೂಹೂ ಆದ’ ಎಂದರೆ ಸತ್ತ ಎಂದೇ ಅರ್ಥ. ನಮ್ಮಲ್ಲಿ ‘ಶಿವಾಯ ನಮಃ ಆದ’ ಎನ್ನುವುದಿಲ್ಲವೇ, ಹಾಗೆ. ಅಳುವವನ ದನಿ ಸತ್ತವನ ಮೇಲಿನ ಲಘುವಾದ ಮಾತಾಗಿ ಇಳಿಯಿತು.

‘ಬಹಳ’ ಎಂಬ ಬೆರಗು

ಶಾಸ್ತ್ರದ ಬರಹದಲ್ಲಿ ಜೀವ ಆರುತ್ತಿದ್ದಾಗ ಬಾಯಿ ಸುಮ್ಮನಿರಲಿಲ್ಲ. ಬಾಯಿಮಾತನ್ನು ಕಿವಿಗೊಟ್ಟು ಕೇಳಿ ಬರೆದವರಲ್ಲಿ ಹಾನ್ ಕಾಲದ ಚರಿತ್ರೆಕಾರ ಸೀಮಾ ಚಿಯಾನ್ ಒಬ್ಬ. ಕ್ರಿ.ಪೂ. 209ರಲ್ಲಿ ಚಿನ್ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದ ಕೂಲಿಯಾಳು ಚೆನ್ ಷ ರಾಜನಾದ. ಹಿಂದೆ ಅವನ ಜೊತೆ ಹೊಲ ಉಳುತ್ತಿದ್ದ ಹಳ್ಳಿಯ ಗೆಳೆಯನೊಬ್ಬ ಹುಡುಕಿಕೊಂಡು ಬಂದು ಅರಮನೆಯೊಳಗೆ ಕಾಲಿಟ್ಟ. ಪರದೆಗಳು, ತೊಲೆಕಂಬಗಳು, ಆಳವಾದ ಒಳಾಂಗಣಗಳನ್ನು ಕಂಡು ಅವನ ಬಾಯಿಂದ ಬಂದದ್ದು ‘ಹುವೊ ಯೀ’. ಚೂ ಸೀಮೆಯ ಜನ ‘ಬಹಳ’ ಎಂಬುದಕ್ಕೆ ‘ಹುವೊ’ ಎನ್ನುತ್ತಾರೆ ಎಂದು ಸೀಮಾ ಚಿಯಾನ್ ಪಕ್ಕದಲ್ಲೇ ವಿವರಣೆ ಕೊಡುತ್ತಾನೆ. ಶಿಷ್ಟ ಭಾಷೆಗೆ ತಿದ್ದಿ ‘ಮೇಯ್ ತ್ಸಾಯ್’ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಹಳ್ಳಿಗನ ಬೆರಗು ಹಳ್ಳಿಗನ ಮಾತಿನಲ್ಲೇ ಉಳಿಯಿತು. ಪಾಪ, ಆ ಗೆಳೆಯ ಹಳೆಯ ದಿನಗಳ ಕಥೆಯನ್ನೆಲ್ಲ ಅರಮನೆಯಲ್ಲಿ ಹೇಳಿಕೊಂಡು ತಿರುಗಿದ, ಗೌರವ ಕಳೆಯುತ್ತಾನೆಂದು ಚೆನ್ ಷ ಅವನ ತಲೆ ತೆಗೆಸಿದ.

ಸೀಮಾ ಚಿಯಾನ್ ಬರೆದ ಅದೇ ಚರಿತ್ರೆಯಲ್ಲಿ ಹೋಂಗ್‌ಮೆನ್ ಔತಣದ ಪ್ರಸಂಗವಿದೆ. ಕ್ರಿ.ಪೂ. 206. ಕೈಗೆ ಸಿಕ್ಕ ಶತ್ರು ಲಿಯು ಬಾಂಗ್‌ನನ್ನು ಶಿಯಾಂಗ್ ಯೂ ಕೊಲ್ಲದೆ ಬಿಟ್ಟ. ಮುದಿ ಸಲಹೆಗಾರ ಫಾನ್ ತ್ಸೆಂಗ್‌ಗೆ ಉಡುಗೊರೆಯಾಗಿ ಬಂದ ಜೇಡ್ ಕಲ್ಲಿನ ಜೋಡಿ ಬಟ್ಟಲುಗಳನ್ನು ಅವನು ನೆಲಕ್ಕಿಟ್ಟು, ಕತ್ತಿ ಹಿರಿದು ಪುಡಿಪುಡಿ ಮಾಡಿದ. ಆಗ ಅವನಂದದ್ದು ‘ಆಯ್’. ಇಂಥ ಎಳಸು ಹುಡುಗನ ಜೊತೆ ಸೇರಿ ಏನು ತಾನೆ ಯೋಜನೆ ಹಾಕಲಿ ಎಂಬ ಹತಾಶೆ. ಆ ‘ಆಯ್’ ಮಾತ್ರ ಹಾಗೇ ಉಳಿದಿದೆ. ಇಂದಿನ ಬೀಜಿಂಗಿನಲ್ಲಿ ಬಸ್ಸು ತಪ್ಪಿಸಿಕೊಂಡವನೂ ‘ಆಯ್’ ಎಂದೇ ತಲೆ ಕೊಡವುತ್ತಾನೆ.

ಚೂ ಹಳ್ಳಿಗನ ‘ಬಹಳ’ ಎಂಬ ಬೆರಗಿಗೆ ಮುಂದೆ ದೊಡ್ಡ ಪರಂಪರೆಯೇ ಬೆಳೆಯಿತು. ತ್ಸಾಯ್ ಇದ್ದಾಗ ಭಾವ ವಾಕ್ಯದ ಬಾಲದಲ್ಲಿತ್ತು. ಆಡುಮಾತಿನಲ್ಲಿ ಅದು ಮುಂದಕ್ಕೆ ಸರಿದು ಗುಣವಾಚಕದ ಹಿಂದಿನ ಪದಕ್ಕೆ ಬಂದು ಕೂತಿತು. ಮೊದಲು ‘ಹ’ ಎಂಬ ಪ್ರಶ್ನಾರ್ಥಕ ಆ ಕೆಲಸ ಮಾಡುತ್ತಿತ್ತು, ನಮ್ಮ ‘ಏನು ಚೆಂದ!’ದ ಹಾಗೆ. ಸಾಂಗ್, ಯುವಾನ್ ಕಾಲದ ಆಡುಮಾತಿನ ಬರಹದಲ್ಲಿ ‘ಒಳ್ಳೆಯ’ ಎಂಬ ಅರ್ಥದ ‘ಹಾವ್’ ಆ ಜಾಗಕ್ಕೆ ಬಂತು. ‘ಹಾವ್ ದೊಡ್ಡದು’ ಎಂದರೆ ಎಷ್ಟು ದೊಡ್ಡದು! ಇದರ ಪಕ್ಕ ‘ಬೂ’ ಎಂಬ ನಿಷೇಧ ಸೇರಿಸಿ ‘ಹಾವ್‌ಬೂ’ ಎಂದರೂ ಹಲವು ಕಡೆ ಅರ್ಥ ಬದಲಾಗುವುದಿಲ್ಲ. ‘ಹಾವ್ ಗದ್ದಲ’ವೂ ‘ಹಾವ್‌ಬೂ ಗದ್ದಲ’ವೂ ಎಂಥಾ ಗದ್ದಲ ಎಂದೇ. ‘ಅಲ್ಲ’ ಎಂಬ ಪದ ಇದ್ದೂ ಅಲ್ಲಗಳೆಯದ ಈ ವಿಚಿತ್ರ ಮಿಂಗ್ ಕಾಲದ ಕಾದಂಬರಿಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ಇವತ್ತಿನ ಚೀನೀಯಲ್ಲಿ ಮೊದಲ ಸ್ಥಾನ ‘ದುವೊ’ಗೆ. ಮೂಲ ಅರ್ಥ ‘ಬಹಳ’. ‘ದುವೊ ದೊಡ್ಡದು’ ಎಂದು ದನಿ ಎತ್ತಿ ಕೇಳಿದರೆ ಪ್ರಶ್ನೆ, ದನಿ ಇಳಿಸಿ ಕೊನೆಗೊಂದು ‘ಆ’ ಸೇರಿಸಿದರೆ ಉದ್ಗಾರ. ‘ಎಷ್ಟು ದೊಡ್ಡದು?’ ‘ಎಷ್ಟು ದೊಡ್ಡದು!’ ಎಂದು ಒಂದೇ ಪದದಲ್ಲಿ ಎರಡನ್ನೂ ಹೇಳುವ ಕನ್ನಡಿಗರಿಗೆ ಇದನ್ನು ಪಾಠ ಮಾಡಬೇಕಿಲ್ಲ. ಅಳೆಯಲಾಗದ್ದನ್ನು ಕಂಡಾಗ ಅಳತೆ ಕೇಳುವ ಪದವೇ ಬಾಯಿಗೆ ಬರುವುದು ಎರಡೂ ಭಾಷೆಗಳ ಸಹಜ ಗುಣ.

ಆ ಕೊನೆಯ ‘ಆ’ದ ಹುಟ್ಟನ್ನೂ ನೋಡಬೇಕು. ಮಾವಾಂಗ್‌ದುಯಿ ರೇಷ್ಮೆಯಲ್ಲಿದ್ದ ಅದೇ ‘ಹ’ ಅಕ್ಷರ ಸಾವಿರ ವರ್ಷಗಳಾಚೆ ಸಾಂಗ್, ಯುವಾನ್ ಕಾಲದ ಆಡುಮಾತಿನ ಬರಹದಲ್ಲಿ ವಾಕ್ಯದ ಕೊನೆಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಅದರ ಜಾಗವನ್ನು ಹೊಸ ಅಕ್ಷರವೊಂದು ಹಿಡಿಯಿತು. ಬಲಕ್ಕೆ ‘ಅ’ ದನಿಯ ಅಕ್ಷರ, ಅಮಿತಾಭ, ಅರಹಂತ ಎಂಬ ಭಾರತೀಯ ಹೆಸರುಗಳ ‘ಅ’ ಬರೆಯಲು ಬೌದ್ಧ ಅನುವಾದಕರು ಬಳಸಿದ್ದೇ ಅಕ್ಷರ. ಎಡಕ್ಕೆ ಬಾಯಿ. ಕಾಗೆಯ ಅಕ್ಷರ ‘ವೂ’ ಆಗಿ ಕೈಬಿಟ್ಟ ದನಿಯನ್ನು ಹೀಗೆ ಮತ್ತೆ ಕಟ್ಟಿಕೊಂಡರು.

ಈ ‘ಆ’ ಹಿಂದಿನ ಪದಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. ‘ಇ’ಕಾರದ ಮುಂದೆ ‘ಯಾ’, ‘ಉ’ಕಾರದ ಮುಂದೆ ‘ವಾ’, ನಕಾರದ ಮುಂದೆ ‘ನಾ’. ಮೊದಲೆರಡು ನಮ್ಮ ಆಗಮ ಸಂಧಿಯೇ. ‘ಹುಲಿಯನ್ನು’ ಎಂಬಲ್ಲಿ ಯಕಾರ, ‘ಗುರುವನ್ನು’ ಎಂಬಲ್ಲಿ ವಕಾರ ಬರುವಂತೆ ಬೀಜಿಂಗ್ ನಾಲಿಗೆಯೂ ತಾನಾಗಿ ಮಾಡುತ್ತದೆ. ವಾಕ್ಯದ ಮೊದಲಿಗೆ ಒಂಟಿಯಾಗಿ ಬಂದರಂತೂ ಇದರ ಆಟವೇ ಬೇರೆ. ಸಮಸ್ವರದ ‘ಆ’ ಮೆಚ್ಚುಗೆ, ಏರುಸ್ವರದ್ದು ‘ಏನಂದೆ?’, ಇಳಿದು ಏರುವುದು ‘ಹೀಗೂ ಉಂಟೇ?’, ಇಳಿಸ್ವರದ್ದು ‘ಓ, ಗೊತ್ತಾಯಿತು’. ನಿಘಂಟು ಈ ನಾಲ್ಕನ್ನೂ ಬೇರೆ ಬೇರೆ ನಮೂದುಗಳಾಗಿ ಕೊಡುತ್ತದೆ.

ಉದ್ಗಾರಕ್ಕೆ ನಾಟಕ ಕೊಟ್ಟ ಬಲ ದೊಡ್ಡದು. 13ನೇ ಶತಮಾನದಲ್ಲಿ ಗುವಾನ್ ಹಾನ್‌ಚಿಂಗ್ ಬರೆದ ‘ದೋ ಅ’ ಎಂಬ ವಿಧವೆಯ ನಾಟಕದಲ್ಲಿ, ಮಾಡದ ಕೊಲೆಗೆ ಶಿಕ್ಷೆಯಾಗಿ ಕೊಲ್ಲಲು ಒಯ್ಯುವಾಗ ಅವಳು ಭೂಮಿಯನ್ನೂ ಆಕಾಶವನ್ನೂ ಹೆಸರು ಹಿಡಿದು ಕೂಗುತ್ತಾಳೆ, ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗುರುತಿಸಲಾಗದ ನೀವೆಂಥ ಭೂಮಿ, ನೀವೆಂಥ ಆಕಾಶ ಎಂದು. ದೊರೆಗಳ ಶೋಕವಚನದಲ್ಲಿ ಆಕಾಶಕ್ಕೆ ಮೊರೆಯಿಡುತ್ತಿದ್ದರು. ಇಲ್ಲಿ ಬಡ ಹೆಣ್ಣೊಬ್ಬಳು ಅದರ ಮೇಲೆಯೇ ದೂರು ಹೊರಿಸುತ್ತಾಳೆ. ಅವಳ ಮಾತು ನಿಜವೆಂಬಂತೆ ಬೇಸಿಗೆಯ ಆರನೇ ತಿಂಗಳಲ್ಲಿ ಹಿಮ ಬೀಳುತ್ತದೆ, ಮೂರು ವರ್ಷ ಬರ ಬರುತ್ತದೆ. ಚೀನೀ ಸಾಹಿತ್ಯದ ಅತಿ ದೊಡ್ಡ ಉದ್ಗಾರ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

18ನೇ ಶತಮಾನದ ‘ಕೆಂಪು ಮಹಲಿನ ಕನಸು’ ಕಾದಂಬರಿಯಲ್ಲಿ ಬರುವ ಹಳ್ಳಿಯ ಲಿಯು ಅಜ್ಜಿಯದು ಇನ್ನೊಂದು ಬಗೆ. ಶ್ರೀಮಂತರ ಏಡಿ ಔತಣಕ್ಕೆ ಇಪ್ಪತ್ತಕ್ಕೂ ಹೆಚ್ಚು ಲಿಯಾಂಗ್ ತೂಕದ ಬೆಳ್ಳಿ ಖರ್ಚಾಗಿದೆ ಎಂದು ಲೆಕ್ಕ ಹಾಕಿದ ಕೂಡಲೇ ಅವಳು ಅಮಿತಾಭ ಬುದ್ಧನ ಹೆಸರೆತ್ತುತ್ತಾಳೆ. ನಮ್ಮ ಹಳ್ಳಿಯ ಮನೆಯೊಂದು ವರ್ಷವಿಡೀ ಬದುಕಬಹುದಾದ ಹಣವಲ್ಲವೇ ಇದು ಎನ್ನುತ್ತಾಳೆ. ಮೋಕ್ಷಕ್ಕೆಂದು ಭಾರತದಿಂದ ಹೋದ ಹೆಸರು ಹೀಗೆ ಅಡುಗೆಮನೆಯ ‘ರಾಮ ರಾಮ’ ಆಯಿತು.

ಗುರುತು ಬಂತು, ಜಗಳವೂ ಬಂತು

ಇಷ್ಟೆಲ್ಲ ಉದ್ಗರಿಸಿದರೂ ಹಳೆಯ ಚೀನೀ ಬರಹದಲ್ಲಿ ಉದ್ಗಾರದ ಚಿಹ್ನೆ ಇರಲಿಲ್ಲ. ಓದುವವನೇ ಕೆಂಪು ಶಾಯಿಯಲ್ಲಿ ನಿಲುಗಡೆಯ ಸೊನ್ನೆ ಹಾಕಿಕೊಳ್ಳಬೇಕಿತ್ತು. 1898ರಲ್ಲಿ ಮಾ ಜಿಯಾನ್‌ಝಾಂಗ್ ಚೀನೀಯರೇ ಬರೆದ ಮೊದಲ ಸಮಗ್ರ ವ್ಯಾಕರಣವನ್ನು ಹೊರತಂದರು. ಪ್ಯಾರಿಸಿನಲ್ಲಿ ಓದಿದ್ದ ಇವರು ಅಫೀಮು ವ್ಯಾಪಾರದ ಮಾತುಕತೆಗೆಂದು 1881ರಲ್ಲಿ ಭಾರತಕ್ಕೂ ಬಂದುಹೋಗಿದ್ದರು. ಒಂಬತ್ತು ಪದವರ್ಗಗಳಲ್ಲಿ ಉದ್ಗಾರಪದಕ್ಕೆ ಒಂಬತ್ತನೆಯ ಜಾಗ ಕೊಟ್ಟರು. ತ್ಸಾಯ್‌ನಂಥ ಬಾಲಪದಗಳಿಗೆ ಬೇರೆಯದೇ ವರ್ಗ ಮಾಡಿ, ಇವು ಚೀನೀ ಭಾಷೆಗಷ್ಟೇ ವಿಶಿಷ್ಟ, ಕ್ರಿಯಾಪದ ರೂಪ ಬದಲಿಸದ ಕೊರತೆಯನ್ನು ಇವು ತುಂಬುತ್ತವೆ ಎಂದರು.

ಚಿಹ್ನೆ ಬಂದದ್ದು ಆಡುಮಾತಿನಲ್ಲೇ ಬರೆಯಬೇಕೆಂದ ಹೊಸ ಸಾಹಿತ್ಯ ಚಳವಳಿಯೊಂದಿಗೆ. ಆ ಚಳವಳಿಯ ಮುಂದಾಳು ಹೂ ಷಿ 1917ರ ಜನವರಿಯಲ್ಲಿ ಸಾಹಿತ್ಯ ಸುಧಾರಣೆಗೆ ಎಂಟು ಸೂತ್ರ ಮುಂದಿಟ್ಟಾಗ ಅವುಗಳಲ್ಲೊಂದು, ರೋಗವಿಲ್ಲದೆ ನರಳಬೇಡಿ ಎಂಬುದು. ಹಳೆಯ ಕವಿಗಳ ಬಾಡಿಗೆ ವೂಹೂವಿಗೆ ಬಿದ್ದ ಪೆಟ್ಟು ಅದು. 1919ರ ನವೆಂಬರಿನಲ್ಲಿ ಹೂ ಷಿ, ಝೌ ತ್ಸುವೊರೆನ್, ಚಿಯಾನ್ ಶುವಾನ್‌ತೊಂಗ್ ಸೇರಿ ಆರು ಜನ ಹೊಸ ಲೇಖನಚಿಹ್ನೆಗಳ ಪ್ರಸ್ತಾವ ಸಲ್ಲಿಸಿದರು. 1920ರ ಫೆಬ್ರುವರಿಯಲ್ಲಿ ಶಿಕ್ಷಣ ಸಚಿವಾಲಯ 12 ಚಿಹ್ನೆಗಳನ್ನು ಜಾರಿಗೆ ತಂದಿತು. ಉದ್ಗಾರಚಿಹ್ನೆಗೂ ಹೀಗೆ ಸರ್ಕಾರಿ ಮುದ್ರೆ ಬಿತ್ತು. ಶಿಷ್ಟ ಬರಹದಿಂದ ತ್ಸಾಯ್ ಹೊರಬಿದ್ದ ಹೊತ್ತಿಗೇ ಆ ಜಾಗದಲ್ಲಿ ಒಂದು ಗೆರೆ, ಒಂದು ಚುಕ್ಕೆ ನಿಂತವು.

ಹೊರಬಿದ್ದ ತ್ಸಾಯ್‌ನ ಗತಿಯನ್ನು ಕಥೆಗಾರ ಲೂ ಶುನ್ 1919ರ ‘ಕೋಂಗ್ ಯೀಜಿ’ ಕಥೆಯಲ್ಲಿ ಚಿತ್ರಿಸಿದ್ದಾರೆ. ಪರೀಕ್ಷೆಯಲ್ಲಿ ಎಂದೂ ತೇರ್ಗಡೆಯಾಗದ, ಹರಕು ಉದ್ದಂಗಿಯ ಪಂಡಿತ ಹೆಂಡದಂಗಡಿಯಲ್ಲಿ ಮಕ್ಕಳಿಗೆ ಒಂದೊಂದು ಮಸಾಲೆ ಕಾಳು ಹಂಚುತ್ತಾನೆ. ಮಕ್ಕಳು ಮತ್ತೆ ತಟ್ಟೆಯನ್ನೇ ನೋಡಿದಾಗ ಗಾಬರಿಯಾಗಿ ಐದೂ ಬೆರಳು ಅಗಲಿಸಿ ತಟ್ಟೆ ಮುಚ್ಚಿ, ಇನ್ನು ಹೆಚ್ಚಿಲ್ಲ ಎಂಬುದನ್ನು ಕನ್‌ಫ್ಯೂಷಿಯಸ್ ಕಾಲದ ‘ಹೂ ತ್ಸಾಯ್’ ಧಾಟಿಯಲ್ಲೇ ಹೇಳುತ್ತಾನೆ. ಮಕ್ಕಳು ನಗುತ್ತಾ ಚದುರುತ್ತಾರೆ. ಒಂದು ಕಾಲಕ್ಕೆ ರಾಜಕುಮಾರರು ಸಂಗೀತಕ್ಕೆ ಮರುಳಾಗಿ ಆಡಿದ ಪದಕ್ಕೆ ಕೊನೆಗೆ ಉಳಿದ ಕೆಲಸ ಇದು.

ಹೊಸ ಕವಿಗಳಿಗಾದರೋ ಚಿಹ್ನೆ ಸಿಕ್ಕಿದ್ದೇ ಹಬ್ಬವಾಯಿತು. 1921ರಲ್ಲಿ ಬಂದ ಗುವೋ ಮೋರುವೋ ಅವರ ‘ದೇವಿಯರು’ ಸಂಕಲನದಲ್ಲಿ ಉದ್ಗಾರಚಿಹ್ನೆಗಳು ಸಾಲುಗಟ್ಟಿ ನಿಂತಿವೆ. 1924ರಲ್ಲಿ ಮನಃಶಾಸ್ತ್ರಜ್ಞ ಝಾಂಗ್ ಯಾವ್‌ಶಿಯಾಂಗ್ ಹೊಸ ಕವನ ಸಂಕಲನಗಳನ್ನು ಮುಂದಿಟ್ಟುಕೊಂಡು ಎಣಿಸಿಯೇಬಿಟ್ಟರು. ಚೀನೀ ಹೊಸ ಕಾವ್ಯದಲ್ಲಿ ಸರಾಸರಿ ನಾಲ್ಕು ಸಾಲಿಗೊಂದು ಉದ್ಗಾರಚಿಹ್ನೆ, ವಿದೇಶದ ಶ್ರೇಷ್ಠ ಕಾವ್ಯದಲ್ಲಿ ಇಪ್ಪತ್ತೈದು ಸಾಲಿಗೊಂದು ಎಂದರು. ಅವುಗಳಲ್ಲಿ ಅವರಿಗೆ ರೋಗಾಣುಗಳೂ ಬಂದೂಕದ ಗುಂಡುಗಳೂ ಕಂಡವು. ಇದು ನಾಡು ಅಳಿಯುವ ಕಾಲದ ದನಿ ಎಂಬ ತೀರ್ಪನ್ನೂ ಕೊಟ್ಟರು. ಎಣಿಕೆಗೆ ಸಿಕ್ಕ ಪುಸ್ತಕಗಳಲ್ಲಿ ರೋಗವಿಲ್ಲದೆ ನರಳಬೇಡಿ ಎಂದಿದ್ದ ಹೂ ಷಿ ಅವರದೂ ಒಂದು. ಅದೇ ವರ್ಷ ಲೂ ಶುನ್ ಪತ್ರಿಕೆಯಲ್ಲಿ ಈ ವಾದವನ್ನು ಚುಚ್ಚಿ ಬರೆದರು.

ಝಾಂಗ್ ಅವರ ಎಣಿಕೆ ಸರಿಯಿರಬಹುದು, ತೀರ್ಪು ಮಾತ್ರ ತಪ್ಪು. ಸಾವಿರಾರು ವರ್ಷ ಶಿಷ್ಟ ಬರಹದಲ್ಲಿ ಬಾಯಿಮಾತಿಗೆ ಹೆಚ್ಚು ಜಾಗ ಸಿಗದಿದ್ದ ಭಾಷೆ ಅದು. ಅದಕ್ಕೆ ಬಾಗಿಲು ತೆರೆದ ಮೊದಲ ಐದಾರು ವರ್ಷಗಳಲ್ಲಿ ತುಸು ಹೆಚ್ಚೇ ಕೂಗಿದರೆ ಅದು ರೋಗವಲ್ಲ. ಚಿಹ್ನೆಯ ಕೆಲಸವನ್ನು ಹಿಂದಿನವರು ತ್ಸಾಯ್, ಹೂ, ಶೀಗಳಿಂದ ಮಾಡಿಸುತ್ತಿದ್ದರು. ಅವನ್ನೂ ಎಣಿಸಿ ಹೋಲಿಸಿದ್ದರೆ ಹೊಸಬರು ಅಷ್ಟೇನೂ ಅತಿಯಾಗಿ ಕಾಣುತ್ತಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಚೀನೀ ಅಂತರ್ಜಾಲದ ಹುಡುಗರು ಖುಷಿಯಾದಾಗ ‘ವೂಹೂ’ ಎಂದು ಬರೆಯುತ್ತಾರೆ. ಇದು ಅನ್‌ಹುಯಿ ಪ್ರಾಂತದ ಊರೊಂದರ ಹೆಸರು. ಹಳೆಯ ಶೋಕದ ವೂಹೂವಿಗೂ ಇದಕ್ಕೂ ಸಂಬಂಧವಿಲ್ಲ. ಅಕ್ಷರ ಬೇರೆ, ಸ್ವರದ ಏರಿಳಿತವೂ ಬೇರೆ. ಕೂಗಲು ಬಾಯಿಗೆ ಹಿತವಾಗಿದೆ.

ಸರ್ಕಾರಕ್ಕೆ ಈಗಲೂ ಈ ವಿಷಯದಲ್ಲಿ ಒಂದು ಅಭಿಪ್ರಾಯವಿದೆ. 1951ರ ನಿಯಮಾವಳಿಯ ನಂತರ ಹಲವು ಬಾರಿ ತಿದ್ದಿದ ಲೇಖನಚಿಹ್ನೆಗಳ ರಾಷ್ಟ್ರೀಯ ಮಾನದಂಡ ಕೊನೆಯ ಸಲ ಪ್ರಕಟವಾದದ್ದು 2011ರ ಡಿಸೆಂಬರಿನಲ್ಲಿ, ಜಾರಿಗೆ ಬಂದದ್ದು 2012ರ ಜೂನ್ 1ರಂದು. ಅದರ ಪ್ರಕಾರ ಭಾವ ತೀವ್ರವಾಗಿದ್ದರೆ ಉದ್ಗಾರಚಿಹ್ನೆಯನ್ನು ಒಂದರ ಪಕ್ಕ ಒಂದು ಇಡಬಹುದು, ಆದರೆ ಮೂರಕ್ಕಿಂತ ಹೆಚ್ಚು ಸಲ್ಲದು.